‘ರಾಜಕಾಲುವೆ ಉಕ್ಕಿ’ ಅಂತ ಬರೆದವರು ನಾವೇ

ಟೋಪೋಶೀಟ್ ಓದುವುದು ಹೇಗೆ ಅಂತ ನಮಗೆ ಡಿಪ್ಲೊಮಾ ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ಪಹಣಿ ಓದುವುದನ್ನೇ ಕೆಲಸಕ್ಕೆ ಸೇರಿದ ಮೇಲೆ ತಾಲ್ಲೂಕು ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಕಲಿತವರು ನಾವು. ಹಾಗಾಗಿ ಇಷ್ಟು ವರ್ಷ ಮಳೆಗಾಲದ ಸುದ್ದಿ ಬರೆಯುವಾಗ ನಮ್ಮ ಹತ್ತಿರ ಇದ್ದದ್ದು ಒಂದೇ ವಾಕ್ಯ: ‘ರಾಜಕಾಲುವೆ ಉಕ್ಕಿ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿದ್ದು, ನಿವಾಸಿಗಳು ರಾತ್ರಿಯಿಡೀ ಜಾಗರಣೆ ಮಾಡಿದರು.’ ಬಡಾವಣೆಯ ಹೆಸರು ಬದಲಾಯಿಸಿದರೆ ಸುದ್ದಿ ರೆಡಿ. ಆ ತಗ್ಗು ಯಾಕೆ ತಗ್ಗು, ಆ ಕಾಲುವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಡೆಸ್ಕ್‌ನವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಕೆಂಗೇರಿ ಕಡೆಯ ನಿವೃತ್ತ ಮೋಜಣಿದಾರರೊಬ್ಬರು ಒಮ್ಮೆ ನಮ್ಮ ಇಂಥದ್ದೇ ಒಂದು ಸುದ್ದಿ ಓದಿ ಫೋನ್ ಮಾಡಿದರು. ‘ಏನ್ರಪ್ಪಾ, ನೀವು ಬರೆದಿರೋ ಕಾಲುವೆಗೆ ಹೆಸರು ಇದೆ, ಗೊತ್ತಾ?’ ಅಂದರು. ಮನೆಗೆ ಕರೆದು, ಟ್ರಂಕಿನಿಂದ ಸರ್ವೆ ಆಫ್ ಇಂಡಿಯಾದ ಎರಡು ಹಳೇ ಹಾಳೆ ತೆಗೆದು ನೆಲದ ಮೇಲೆ ಹಾಸಿದರು. ಮಡಿಕೆ ಬಿದ್ದ ಕಡೆಯೆಲ್ಲ ಬಟ್ಟೆ ಅಂಟಿಸಿದ್ದರು. ನಮ್ಮ ಇವತ್ತಿನ ತಕರಾರು ಹುಟ್ಟಿದ್ದು ಆ ನೆಲದ ಮೇಲೆ.

ಹಾಳೆ ನೋಡದವರಿಗೆ ಸ್ವಲ್ಪ ವಿವರ. ಒಂದೊಂದು ಟೋಪೋಶೀಟಿಗೂ ಒಂದು ನಂಬರ್. ಬೆಂಗಳೂರು ನಗರದ ದಕ್ಷಿಣಾರ್ಧ 57ಎಚ್/9ರಲ್ಲಿದೆ. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಬಹುಪಾಲು ಅದರ ಎಡ ಮೇಲ್ಮೂಲೆಗೆ ಬರುತ್ತವೆ. ಮಹಾಲಕ್ಷ್ಮಿಪುರಂ ಆಸುಪಾಸಿನಲ್ಲಿ 13 ಡಿಗ್ರಿ ಅಕ್ಷಾಂಶ ದಾಟಿದರೆ ಇನ್ನೊಂದು ಹಾಳೆ, 57ಜಿ/12. ಪಶ್ಚಿಮಕ್ಕೆ ಹೋದರೆ ಪಟ್ಟಣಗೆರೆ ಹತ್ತಿರ 77 ಡಿಗ್ರಿ 30 ಮಿನಿಟಿನ ರೇಖಾಂಶ ಹಾದುಹೋಗುತ್ತದೆ. ಅಲ್ಲಿಂದಾಚೆ ಕೆಂಗೇರಿ, ಬಿಡದಿ, ಬೈರಮಂಗಲ ಎಲ್ಲ 57ಎಚ್/5. ಹಳೇ ಆವೃತ್ತಿಗಳು ಮೈಲಿಗೆ ಒಂದಿಂಚಿನ ಲೆಕ್ಕದಲ್ಲಿದ್ದವು. ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದ ಮೇಲಿನವು 1:50,000, ಅಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಕಂದು ಗೆರೆ ಭೂಮಿಯ ಎತ್ತರ ತಗ್ಗು, ಹಳದಿ ಬೇಸಾಯದ ನೆಲ, ಹಸಿರು ಕಾಡು, ಕೆಂಪು ರಸ್ತೆ ಮತ್ತು ಊರು, ನೀಲಿ ನೀರು. ಹಳ್ಳ ಬತ್ತುವಂಥದ್ದಾದರೆ ಅದರ ಗೆರೆ ಕಪ್ಪು. ಈ ಕಪ್ಪು ನೀಲಿಯ ವಿಚಾರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೃಷಭಾವತಿಯನ್ನು ಪೂರ್ತಿ ನೋಡಬೇಕಾದರೆ ಒಂದು ಹಾಳೆ ಸಾಲದು. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಊರವರ ನಂಬಿಕೆ. ಮಲ್ಲೇಶ್ವರದ ನಂದಿತೀರ್ಥದ ಕಡೆಯವರು ನಮ್ಮಲ್ಲಿ ಹುಟ್ಟುತ್ತಾಳೆ ಅನ್ನುತ್ತಾರೆ. ಕಂದು ಗೆರೆ ನೋಡಿದರೆ ಇಬ್ಬರದೂ ಸರಿ. ನಗರದ ನಡುವೆ ಹಾದುಹೋಗುವ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಹೋದರೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಗೆ ಹೋಗುತ್ತದೆ. ಮಲ್ಲೇಶ್ವರ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮಳೆಯೆಲ್ಲ ಸಣ್ಣ ಸಣ್ಣ ಹಳ್ಳಗಳಾಗಿ ಇಳಿದು ನಾಯಂಡಹಳ್ಳಿ ಕಡೆ ಕೂಡುತ್ತದೆ. ಬಸವನಗುಡಿ ಕಡೆಯದು ಕೆಂಪಾಂಬುಧಿ ಕೆರೆ, ಗಾಳಿ ಆಂಜನೇಯ ಗುಡಿಯ ಮಗ್ಗುಲಿನಿಂದ ಬರುತ್ತದೆ. ಅಲ್ಲಿಂದ ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿ, ಮುಂದೆ ಬಿಡದಿ ಸೀಮೆಯ ಬೈರಮಂಗಲ ಜಲಾಶಯ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ.

ಹಳೇ ಹಾಳೆಯಲ್ಲಿ ಈ ಇಳಿಜಾರಿನಲ್ಲಿ ರಾಜಾಜಿನಗರ ಅನ್ನುವ ಹೆಸರೇ ಇಲ್ಲ. ಆ ಬಡಾವಣೆ ಶುರುವಾದದ್ದೇ 1949ರಲ್ಲಿ. ಅಲ್ಲಿರುವುದು ಹಳ್ಳಿಗಳು: ಕೇತಮಾರನಹಳ್ಳಿ, ಕುರುಬರಹಳ್ಳಿ, ಸಾಣೆಗುರುವನಹಳ್ಳಿ, ಶಿವನಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ನಾಗರಭಾವಿ. ಇವುಗಳಲ್ಲಿ ಹಲವಕ್ಕೆ ಅದೇ ಹೆಸರಿನ ಕೆರೆ ಇತ್ತು. ಕೇತಮಾರನಹಳ್ಳಿ ಕೆರೆ, ಕುರುಬರಹಳ್ಳಿ ಕೆರೆ, ಸಾಣೆಗುರುವನಹಳ್ಳಿ ಕೆರೆ, ಶಿವನಹಳ್ಳಿ ಕೆರೆ, ಮಾರೇನಹಳ್ಳಿ ಕೆರೆ ಎಲ್ಲವೂ ನಗರ ನುಂಗಿದ ಕೆರೆಗಳ ಪಟ್ಟಿಯಲ್ಲಿವೆ. ಊರಿನ ಹೆಸರು ಬಸ್ ಬೋರ್ಡಿನ ಮೇಲೆ ಉಳಿಯಿತು. ಕೆರೆ ಇದ್ದ ಜಾಗದಲ್ಲಿ ಆಟದ ಮೈದಾನ, ಬಸ್ ನಿಲ್ದಾಣ, ಸೈಟು ಬಂದವು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದನ್ನು ಹರಿಣಿ ನಾಗೇಂದ್ರ, ಹಿತಾ ಉನ್ನಿಕೃಷ್ಣನ್ ಮೊದಲಾದ ಸಂಶೋಧಕರು ಹಳೇ ನಕ್ಷೆ, ಹಳೇ ಕಡತಗಳನ್ನು ಮುಂದಿಟ್ಟುಕೊಂಡು ಹಂತಹಂತವಾಗಿ ಬರೆದು ತೋರಿಸಿದ್ದಾರೆ. ಪಶ್ಚಿಮದ ಈ ಹಳ್ಳಿಕೆರೆಗಳಿಗೂ ಅಂಥ ಒಂದೊಂದು ಕಥೆ ಬರೆಯುವ ಕೆಲಸ ಬಾಕಿ ಇದೆ. ಅದನ್ನು ಪ್ರೊಫೆಸರುಗಳೇ ಮಾಡಬೇಕು ಅಂತ ಏನೂ ಇಲ್ಲ.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಹಳೇ ಹಾಳೆಯಲ್ಲಿ ಹೆಸರಿರುವ ಹೊಳೆ, ಇಂದಿನ ಯೋಜನಾ ನಕ್ಷೆಗಳಲ್ಲಿ ಪ್ರಾಥಮಿಕ ರಾಜಕಾಲುವೆ. ಅದಕ್ಕೆ ಸೇರುವ ಹಳ್ಳಗಳು ದ್ವಿತೀಯ, ತೃತೀಯ ಕಾಲುವೆಗಳು. ಟೆಂಡರಿನಲ್ಲಿ ಬರೀ ‘ಮಳೆನೀರು ಚರಂಡಿ’. ಹೆಸರು ಬದಲಾದರೆ ಏನಾಯಿತು ಅನ್ನಬೇಡಿ. ಹೊಳೆ ಅಂದರೆ ಅದಕ್ಕೆ ದಡ ಇರುತ್ತದೆ, ಮಳೆಗಾಲದಲ್ಲಿ ಹರಡಿಕೊಳ್ಳುವ ಬಯಲಿರುತ್ತದೆ, ಕೆಳಗೆ ಅದರ ನೀರು ನಂಬಿದ ಊರಿರುತ್ತದೆ. ಚರಂಡಿ ಅಂದರೆ ಎರಡು ಕಾಂಕ್ರೀಟ್ ಗೋಡೆ, ಮಧ್ಯೆ ನೀರು ಬೇಗ ಸಾಗಿಹೋದರೆ ಸಾಕು. ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ.

ಕಾನೂನಿನಲ್ಲಂತೂ ಈ ವರ್ಗೀಕರಣದ ಮೇಲೇ ಮೀಟರುಗಳು ನಿಂತಿವೆ. 2015ರ ಪರಿಷ್ಕೃತ ಮಹಾಯೋಜನೆ ಕೆರೆಗೆ 30 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ 50, 25, 15 ಮೀಟರ್ ಬಿಡಬೇಕು ಅಂತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಕೆರೆಗೆ 75, ಕಾಲುವೆಗಳಿಗೆ 50, 35, 25 ಮಾಡಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿ ಮಹಾಯೋಜನೆಯ ಅಳತೆಗೇ ವಾಪಸ್ ತಂದಿತು. ಮೂರೂ ಸಲ ನಾವು ಬಫರ್ ಎಷ್ಟು ಮೀಟರ್ ಅನ್ನುವ ಸುದ್ದಿ ಮಾಡಿದೆವು. ಯಾವ ಹಳ್ಳ ಯಾವ ದರ್ಜೆಗೆ ಸೇರಿತು, ಅದನ್ನು ಯಾವ ನಕ್ಷೆ ನೋಡಿ ತೀರ್ಮಾನಿಸಿದರು, ಆ ನಕ್ಷೆಯಲ್ಲಿ ಇಲ್ಲದ ಹಳ್ಳದ ಗತಿ ಏನು ಅಂತ ಒಂದು ಪ್ಯಾರಾ ಕೂಡ ಬರೆಯಲಿಲ್ಲ. ಕಾಲುವೆಯ ಗೆರೆಯನ್ನೇ ಕೈಬಿಟ್ಟರೆ ಅಲ್ಲಿ ಎಷ್ಟು ಮೀಟರಿನ ನಿಯಮ ಇದ್ದು ಏನು ಪ್ರಯೋಜನ?

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಹಳೇ ನಕ್ಷೆ ಅಂದ ಕೂಡಲೇ ನಗರದಲ್ಲಿ ಹಲವರಿಗೆ ಜೆಸಿಬಿ ನೆನಪಾಗುತ್ತದೆ. 2016ರ ಆಗಸ್ಟಿನಲ್ಲಿ ಬಿಬಿಎಂಪಿ ಹಳೇ ಗ್ರಾಮ ನಕ್ಷೆಗಳನ್ನು ಮುಂದಿಟ್ಟು ರಾಜಕಾಲುವೆ ಒತ್ತುವರಿ ತೆರವಿಗೆ ಇಳಿದಾಗ, ಅವನಿ ಶೃಂಗೇರಿ ನಗರದ ಜನ ಖಾತೆ, ನಕ್ಷೆ ಮಂಜೂರಾತಿ, ಕಂದಾಯದ ರಶೀದಿ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದರು. ಸಾಲ ಮಾಡಿ ಕಟ್ಟಿದ ಮನೆ. ಅವರ ಕೈಗೆ ಆ ಕಾಗದಗಳನ್ನು ಕೊಟ್ಟವರ ಕಚೇರಿಯಲ್ಲೇ ಗ್ರಾಮ ನಕ್ಷೆಯೂ ಇತ್ತಲ್ಲ? ಸೈಟು ಮಾರುವಾಗ ಹೊರಗೆ ಬಾರದ ನಕ್ಷೆ ಮನೆ ಕೆಡವುವಾಗ ಬಂತು. ಕೆರೆ ಅಂಗಳದಲ್ಲಿ ಸರ್ಕಾರಿ ಸಂಸ್ಥೆಗಳೇ ಬಡಾವಣೆ ಮಾಡಿದ್ದನ್ನು ಎ.ಟಿ. ರಾಮಸ್ವಾಮಿ, ಕೆ.ಬಿ. ಕೋಳಿವಾಡ ಅವರ ಸದನ ಸಮಿತಿಗಳು ಚರ್ಚಿಸಿವೆ. ಅವುಗಳ ಮೇಲೆ ಜೆಸಿಬಿ ಹತ್ತಿದ್ದನ್ನು ನಾವಂತೂ ಕಂಡಿಲ್ಲ.

ಟೋಪೋಶೀಟನ್ನು ಹಿಡಿದು ‘ನಿನ್ನ ಮನೆ ಹಳ್ಳದಲ್ಲಿದೆ’ ಅನ್ನುವುದು ತಾಂತ್ರಿಕವಾಗಿಯೂ ತಪ್ಪು. 1:50,000 ಹಾಳೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಹತ್ತು ಮೀಟರ್ ಅಗಲದ ಹಳ್ಳ ಅಲ್ಲಿ ಕೂದಲೆಳೆ. ಪೆನ್ಸಿಲ್ ಗೆರೆಯ ದಪ್ಪದಲ್ಲಿ ಮೂವತ್ತು ನಲವತ್ತಡಿ ಸೈಟು ಪೂರ್ತಿ ಮುಚ್ಚಿಹೋಗುತ್ತದೆ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು ಅನ್ನುವುದಕ್ಕೆ ಟೋಪೋಶೀಟ್. ಯಾವ ಸರ್ವೆ ನಂಬರಿನ ಎಷ್ಟು ಗುಂಟೆ ಹಳ್ಳಕ್ಕೆ ಸೇರಿತ್ತು ಅನ್ನುವುದಕ್ಕೆ ಗ್ರಾಮ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್. ಪಹಣಿಯಲ್ಲಿ ‘ಬಿ ಖರಾಬು’ ಅಂತ ಬರುತ್ತದಲ್ಲ, ಹಳ್ಳ, ದಾರಿ, ಕೆರೆ ಮುಂತಾದ ಸಾರ್ವಜನಿಕ ಉಪಯೋಗದ್ದು, ಅದರ ಬೇರು ಅಲ್ಲಿದೆ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹೊಳೆ, ಹಳ್ಳ, ಕೆರೆ, ಅವುಗಳ ತಳ ಎಲ್ಲ ಸರ್ಕಾರದ್ದು. ಎರಡೂ ಬಗೆಯ ನಕ್ಷೆ ಒಟ್ಟಿಗೆ ಹಾಸಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ. ಒಂದನ್ನೇ ಹಿಡಿದುಕೊಂಡು ವಾದ ಮಾಡುವವರನ್ನು, ಅವರು ಪರಿಸರದವರಾಗಲಿ ಬಿಲ್ಡರ್ ಕಡೆಯವರಾಗಲಿ, ನಾವು ಸ್ವಲ್ಪ ಅನುಮಾನದಿಂದಲೇ ನೋಡುತ್ತೇವೆ.

ಮೋಜಣಿದಾರರ ಹಾಳೆಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಒಂದು ಭಾನುವಾರ ಹೊರಟೆವು. ನಾಯಂಡಹಳ್ಳಿಯಿಂದ ಕೆಂಗೇರಿಗೆ ಮೆಟ್ರೋ, ಆಮೇಲೆ ಬೈಕು. ಮೆಟ್ರೋ ಕೆಂಗೇರಿವರೆಗೆ ಬಂದದ್ದು 2021ರ ಆಗಸ್ಟಿನಲ್ಲಿ, ಚಲ್ಲಘಟ್ಟಕ್ಕೆ 2023ರ ಅಕ್ಟೋಬರಿನಲ್ಲಿ. ಎತ್ತರದಿಂದ ಹೊಳೆ ಕಾಣುತ್ತದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗನನ್ನು ಅದೇನು ಅಂತ ಕೇಳಿದೆವು. ‘ಅದಾ ಸರ್? ಮೋರಿ’ ಅಂದ. ಅವನದೇನೂ ತಪ್ಪಿಲ್ಲ, ಮೂಗು ಮುಚ್ಚಿಕೊಳ್ಳದೆ ಅದನ್ನು ನೋಡಲಾಗುವುದಿಲ್ಲ.

ಕೆಂಗೇರಿ ದಾಟಿ ಕೆಳಗಿನ ಊರೊಂದರಲ್ಲಿ ಅರಳಿಕಟ್ಟೆ ಮೇಲೆ ಕೂತಿದ್ದ ಯಜಮಾನರಿಗೆ ಹಾಳೆ ತೋರಿಸಿದೆವು. ಓದಲು ಬರುವುದಿಲ್ಲ ಅಂದರು. ಊರಿನ ಹೆಸರು ಓದಿ ಹೇಳಿದ ಮೇಲೆ ಬೆರಳಿಟ್ಟು ತಾವೇ ಶುರು ಮಾಡಿದರು. ‘ಇಲ್ಲಿ ನಮ್ಮ ಹೊಲ. ಇಲ್ಲಿ ದಾಟ್ಕೊಂಡು ಸಂತೆಗೋಗ್ತಿದ್ವಿ. ಮೋರಿ ಅಲ್ಲ ಕಣಪ್ಪಾ, ಒಳೆ. ಬೇಸ್ಗೇಲಿ ನೀರು ನಿಂತೋಗೋದು, ಮರಳಲ್ಲಿ ಒರತೆ ತೋಡಿ ಕುಡಿಯೋದು. ಈಗ ನೋಡು, ಯುಗಾದಿಗೂ ತುಂಬಿ ಅರೀತದೆ.’

ಆಗ ಹೊಳೆದದ್ದು ಕಪ್ಪು ನೀಲಿಯ ವಿಚಾರ. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆ ಈಗ ಹನ್ನೆರಡು ತಿಂಗಳೂ ಹರಿಯುತ್ತದೆ. ಕಾವೇರಿಯಿಂದ ಪಂಪು ಮಾಡಿ ತಂದ ನೀರನ್ನು ಅರ್ಧ ನಗರ ಬಳಸಿ ಬಿಟ್ಟದ್ದು ಅದು. ನಾಯಂಡಹಳ್ಳಿ ಹತ್ತಿರದ ವೃಷಭಾವತಿ ವ್ಯಾಲಿ ಶುದ್ಧೀಕರಣ ಘಟಕದಲ್ಲಿ ಸ್ವಲ್ಪ ಶುದ್ಧವಾಗಿ, ಮಿಕ್ಕಿದ್ದು ಹಾಗೇ ಬರುತ್ತದೆ. ನಕ್ಷೆ ಬರೆಯುವವರ ನಿಯಮ ಪಾಲಿಸಿದರೆ ವೃಷಭಾವತಿಗೆ ಈಗ ಚೊಕ್ಕ ನೀಲಿ ಬಣ್ಣ ಬಳಿಯಬೇಕು. ಬರೀ ಹೊಸ ನಕ್ಷೆ ನೋಡಿದವನಿಗೆ ಇದು ಜೀವನದಿ ಅನ್ನಿಸಬಹುದು. ಹಳೇ ಹಾಳೆ, ಹೊಸ ಹಾಳೆ, ಜೊತೆಗೆ ಆ ಯಜಮಾನರು, ಮೂರೂ ಇದ್ದರೇನೇ ಆ ನೀಲಿ ಏನು ಅಂತ ತಿಳಿಯುವುದು.

ಬೈರಮಂಗಲ ಜಲಾಶಯ 57ಎಚ್/5ರ ತಳದ ಅಂಚಿನಲ್ಲಿದೆ. 1940ರ ದಶಕದಲ್ಲಿ ಭತ್ತ ಬೆಳೆಯುವವರಿಗಾಗಿ ಕಟ್ಟಿಸಿದ್ದು. ಈಗ ಅಲ್ಲಿ ನೊರೆ. ಆ ನೀರಿನಲ್ಲೇ ಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ ಬೆಳೆಯುತ್ತಾರೆ. ‘ಈ ನೀರು ಕೆಟ್ಟದ್ದು ಅಂತ ಗೊತ್ತು, ಬಿಟ್ಟರೆ ಇದೂ ಇಲ್ಲ’ ಅನ್ನುವ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಹೊಲಸು ನೀರನ್ನು ಜಲಾಶಯದ ಪಕ್ಕದಿಂದ ಕಾಲುವೆಯಲ್ಲಿ ಸಾಗಿಸುವ ಯೋಜನೆ ಬಂದಾಗ ಇಲ್ಲಿನ ಒಂದಷ್ಟು ರೈತರು ವಿರೋಧಿಸಿದ್ದು ಇದಕ್ಕೇ. ನಗರದಲ್ಲಿ ಕೂತು ಓದುವವರಿಗೆ ಇದು ವಿಚಿತ್ರ ಅನ್ನಿಸಿತು. ನಾವೂ ಆಗ ಹಾಗೇ ಬರೆದಿದ್ದೆವು.

ಈಗ ಈ ಸೀಮೆಗೆ ಬಿಡದಿ ಟೌನ್‌ಶಿಪ್ ಬಂದಿದೆ. ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಹಳ್ಳಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಎಕರೆ. 2025ರಲ್ಲಿ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ರೈತರು ಬೀದಿಗಿಳಿದರು. ಪರಿಹಾರ ಎಷ್ಟು, ಯಾರ ಪರ, ಯಾರ ವಿರೋಧ ಅನ್ನುವುದನ್ನು ಪತ್ರಿಕೆಗಳು ಬರೆಯುತ್ತಿವೆ, ಬರೆಯಲಿ. ನಮಗೆ ಇನ್ನೊಂದು ಹೆದರಿಕೆ ಇದೆ. ಕೇತಮಾರನಹಳ್ಳಿಗೆ, ಸಾಣೆಗುರುವನಹಳ್ಳಿಗೆ ಆದದ್ದು ಇಲ್ಲಿ ಇನ್ನೂ ಆಗಿಲ್ಲ. ಇಲ್ಲಿನ ಕೆರೆ, ಹಳ್ಳ, ಗದ್ದೆಬಯಲು ಇನ್ನೂ ಹಾಳೆಯ ಮೇಲೂ ಇವೆ, ನೆಲದ ಮೇಲೂ ಇವೆ. ಟೌನ್‌ಶಿಪ್ ಬರಲಿ ಬಿಡಲಿ, ಅಂತಿಮ ನಕ್ಷೆ ಬರೆಯುವ ಮೊದಲು ಈಗಿರುವ ಗೆರೆಗಳನ್ನು ಊರವರ ಮುಂದೆ ಒಂದು ಸಲ ಓದಬೇಕು. ಐವತ್ತು ವರ್ಷ ಆದ ಮೇಲೆ ಯಾರೋ ಸ್ಟ್ರಿಂಗರ್ ‘ಬಿಡದಿ ಟೌನ್‌ಶಿಪ್‌ನ ತಗ್ಗು ಪ್ರದೇಶಕ್ಕೆ ನೀರು ನುಗ್ಗಿದ್ದು’ ಅಂತ ಬರೆಯುವ ಹಾಗೆ ಆಗಬಾರದು.

ನಕ್ಷೆಯನ್ನೇ ವೇದವಾಕ್ಯ ಅನ್ನುತ್ತಿದ್ದೇವೆ ಅಂದುಕೊಳ್ಳಬೇಡಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದದ್ದು ಗೆದ್ದ ನಾಡಿನ ಲೆಕ್ಕ ತೆಗೆಯಲು. ಲ್ಯಾಂಬ್ಟನ್ ಬೆಂಗಳೂರಿನ ಬಯಲಲ್ಲಿ ಸರಪಳಿ ಎಳೆದದ್ದೂ ಆ ಕಾಲದಲ್ಲೇ. ಸೈನ್ಯ ಯಾವ ದಾರಿಯಲ್ಲಿ ಹೋಗಬಹುದು, ಕಂದಾಯ ಎಲ್ಲಿಂದ ಬರಬಹುದು ಅನ್ನುವುದು ಅವರಿಗೆ ಮುಖ್ಯ. ನೀರುಗಂಟಿ ಯಾವ ತೂಬನ್ನು ಯಾವಾಗ ಎತ್ತುತ್ತಿದ್ದ, ಕೆರೆಯ ನೀರು ಮೊದಲು ಯಾರ ಗದ್ದೆಗೆ, ಯಾವ ಕೇರಿಯವರಿಗೆ ಆ ನೀರು ಮುಟ್ಟಲು ಬಿಡುತ್ತಿರಲಿಲ್ಲ ಎಂಬುದಕ್ಕೆಲ್ಲ ಟೋಪೋಶೀಟಿನಲ್ಲಿ ಚಿಹ್ನೆ ಇಲ್ಲ. ಹೆಸರುಗಳಂತೂ ಕೇಳಲೇಬೇಡಿ. ರಾಮನಗರವನ್ನು ಹಳೇ ಹಾಳೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ, ಕ್ಲೋಸ್‌ಪೇಟೆ ಅಂತ ನೋಡಬೇಕು, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು. ಅದಕ್ಕೂ ಮುಂಚೆ ಶಂಶೇರಾಬಾದ್. ಈಗ 2025ರಿಂದ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು. ನಮ್ಮ ಡೇಟ್‌ಲೈನ್ ಬದಲಾಯಿತು ಅಷ್ಟೆ, ಸಂಬಳ ಬದಲಾಗಲಿಲ್ಲ.

ಹಾಗಾದರೆ ಕೇಳುವುದೇನು? ದೊಡ್ಡದೇನಲ್ಲ. ನಕ್ಷೆ ಗುಟ್ಟಿನ ವಸ್ತು ಅನ್ನುವ ಕಾಲ ಮುಗಿದಿದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕರಿಗೇ ಒಂದು ಸರಣಿ ಮಾಡಿತು. 2017ರಲ್ಲಿ ಸರ್ವೆ ಆಫ್ ಇಂಡಿಯಾ ‘ನಕ್ಷೆ’ ಎಂಬ ಪೋರ್ಟಲ್ ತೆರೆಯಿತು (ಹೆಸರು ಅಪ್ಪಟ ಕನ್ನಡದಂತೆ ಕೇಳುವುದು ನಮಗೊಂದು ಸಣ್ಣ ಖುಷಿ). 2021ರ ಫೆಬ್ರುವರಿಯ ಮಾರ್ಗಸೂಚಿ ಇನ್ನಷ್ಟು ಬಿಗಿ ಸಡಿಲಿಸಿತು. ರಾಜ್ಯದ ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಗಳಿವೆ, ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಆದರೆ ಇವೆಲ್ಲ ಇಂದಿನ ಹಾಳೆಗಳು. ಐವತ್ತು, ಎಂಬತ್ತು, ನೂರು ವರ್ಷದ ಹಿಂದಿನ ಆವೃತ್ತಿ ಬೇಕೆಂದರೆ ಯಾರದ್ದಾದರೂ ಟ್ರಂಕು ತೆಗೆಸಬೇಕು. ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿದ ನಮ್ಮ ಸೀಮೆಯ 1:2,50,000 ನಕ್ಷೆ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಕೆಂಗೇರಿ ಸೀಮೆಯ ಕೆರೆ ಎಳ್ಳು ಕಾಳಿನಷ್ಟು. ದೊಡ್ಡದಾಗಿ ಕಾಣುವ ಹಾಳೆಗಳು ನಮ್ಮಲ್ಲೇ ಇದ್ದೂ ನಮಗೇ ಸಿಗುತ್ತಿಲ್ಲ.

ಹಳೇ ಆವೃತ್ತಿಗಳನ್ನು ಸ್ಕ್ಯಾನ್ ಮಾಡಿ ಬಿಡುಗಡೆ ಮಾಡಲಿ. ಬೈರಮಂಗಲದಂಥ ಪಂಚಾಯಿತಿಯ ಗೋಡೆಗೆ ಶಾಸಕರ ಫೋಟೊ ಪಕ್ಕದಲ್ಲಿ ಒಂದು ಟೋಪೋಶೀಟ್, ಒಂದು ಗ್ರಾಮ ನಕ್ಷೆ ತೂಗುಹಾಕಲಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆಯಲ್ಲ, ಅವುಗಳ ವಾರ್ಡ್ ಕಚೇರಿಯಲ್ಲೂ ಇರಲಿ. ವಿಜಯನಗರದಲ್ಲೋ ಉಲ್ಲಾಳದಲ್ಲೋ ಸೈಟು ಕೊಳ್ಳುವವನು ಮುಂಗಡ ಕೊಡುವ ಮುಂಚೆ ಹೋಗಿ ನೋಡುವಂತಾಗಲಿ. ಮನೆ ಕೆಡವುವ ದಿನ ತೋರಿಸುವ ನಕ್ಷೆಯನ್ನು ಮನೆ ಕಟ್ಟುವ ದಿನ ತೋರಿಸಲು ಇಲಾಖೆಗೆ ಏನು ಕಷ್ಟ ಅಂತ ನಮಗೆ ಇನ್ನೂ ಅರ್ಥವಾಗಿಲ್ಲ.

ನಮ್ಮ ಪಾಲಿನದನ್ನು ನಾವು ಶುರು ಮಾಡಿದ್ದೇವೆ. ಕಳೆದ ಮಳೆಯಲ್ಲಿ ಕಳಿಸಿದ ಸುದ್ದಿಯಲ್ಲಿ ‘ವೃಷಭಾವತಿ ಹೊಳೆಯ ಹಳೇ ಪಾತ್ರದಲ್ಲಿರುವ ಬಡಾವಣೆಗೆ’ ಅಂತ ಬರೆದೆವು. ಡೆಸ್ಕ್‌ನವರು ‘ರಾಜಕಾಲುವೆ ಪಕ್ಕದ’ ಅಂತ ತಿದ್ದಿ ಹಾಕಿದರು, ಕಾಲಂ ಸಾಲುವುದಿಲ್ಲವಂತೆ. ಮುಂದಿನ ಸಲ ಮತ್ತೆ ಹಾಗೇ ಬರೆಯುತ್ತೇವೆ.

ಎರಡು ಹಾಳೆಗಳ ಜೆರಾಕ್ಸನ್ನು ಅಂಚು ಕತ್ತರಿಸಿ ಟೇಪ್ ಹಾಕಿ ಅಂಟಿಸಿದ್ದೇವೆ. ಪಟ್ಟಣಗೆರೆ ಹತ್ತಿರ ಹೊಳೆಯ ಗೆರೆ ಒಂದು ಮಿಲಿಮೀಟರ್ ಹೊಂದುತ್ತಿಲ್ಲ, ಜೆರಾಕ್ಸ್ ಮಾಡುವಾಗ ಎಳೆದುಕೊಂಡಿರಬೇಕು. ಬಿಡದಿ ಕಡೆಯ ಮುಂದಿನ ಗ್ರಾಮಸಭೆಗೆ ಅದನ್ನೇ ಒಯ್ಯುತ್ತೇವೆ. ಆ ಭಾಗದ ಸ್ಟ್ರಿಂಗರ್ ಗೆಳೆಯರಿಗೆ ಬೇಕಿದ್ದರೆ ಒಂದು ಪ್ರತಿ ಕೊಡುತ್ತೇವೆ. ಎ4ನಲ್ಲಿ ಏನೂ ಕಾಣುವುದಿಲ್ಲ, ಎ1 ಸೈಜಿನಲ್ಲೇ ಮಾಡಿಸಿಕೊಳ್ಳಿ.